ಒಂಬತ್ತು ಮೆಟ್ಟಿಲ ಸದ್ದು

ದೆವ್ವ, ಪ್ರೇತ ಎಂದು ಯಾರಾದರೂ ಬಾಯಿ ತೆಗೆದರೆ ಅವರನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ನಾನೇ ಮುಂದು. ಇಂಗ್ಲಿಷ್ ಕಲಿತ ಮೇಷ್ಟ್ರು ಎಂಬ ಜಂಬ ಬೇರೆ. ಆ ಜಂಬ ಇಳಿದದ್ದು ಬೀರೂರಿನ ಒಂದು ಬಂಗಲೆಯಲ್ಲಿ, ಹಾಡಹಗಲಲ್ಲಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ತರೀಕೆರೆಯ ಶಾಲೆಯಲ್ಲಿದ್ದೆ. ಶನಿವಾರ ಮಧ್ಯಾಹ್ನದ ರೈಲಿಗೆ ಬೀರೂರಿಗೆ ಹೋಗುತ್ತಿದ್ದೆ. ಅಲ್ಲಿ ರೈಲ್ವೆ ಇಂಜಿನಿಯರೊಬ್ಬರ ವಿಧವೆ ಇದ್ದರು. ಗಂಡ ಇಂಗ್ಲೆಂಡಿನವರು, ಈಕೆ ಇಟಲಿಯವರು. ವಯಸ್ಸಾಗಿ ಕಿವಿ ಪೂರ್ತಿ ಹೋಗಿತ್ತು. ತಮ್ಮ ತವರಿನ ಬೆಟ್ಟದ ಸೀಮೆಯ ಇಟಾಲಿಯನ್ ಕಥೆಪುಸ್ತಕವೊಂದನ್ನು ಇಂಗ್ಲಿಷಿಗೆ ತರಬೇಕೆಂದು ಅವರ ಹಟ. ಲಂಡನ್ನಿನಲ್ಲಿ ಬೆಳೆದ ಮಗಳಿಗೆ ತಾಯಿಯ ಭಾಷೆ ಬಾರದು. “ಕಿವಿ ಹೋಯಿತು ಮೇಷ್ಟ್ರೇ, ಈಗ ಆ ಸದ್ದುಗಳ ನೆನಪೂ ಹೋಗುತ್ತಿದೆ. ಅಷ್ಟರೊಳಗೆ ಮಗಳಿಗೆ ಕೇಳಿಸಬೇಕು” ಎನ್ನುತ್ತಿದ್ದರು. ಅವರದು ಅಡಿಗೆಮನೆಯ ಇಂಗ್ಲಿಷು. ಅದಕ್ಕೇ ನಾನು ಬೇಕಾಗಿದ್ದೆ.

ಆ ಮಾತು ನನಗೆ ತಾಗುತ್ತಿತ್ತು. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಯಗಟಿಯಲ್ಲಿ ಅಮ್ಮ ತೀರಿಕೊಂಡಳು. ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ದನಿ ಮರೆತೇಹೋಗಿತ್ತು. ಬೆಳಗಿನ ಜಾವ ಅವಳು ಮಜ್ಜಿಗೆ ಕಡೆಯುತ್ತಿದ್ದ ಸದ್ದು ಮಾತ್ರ ನೆನಪಿತ್ತು.

ನಮ್ಮ ಕೆಲಸದ ರೀತಿ ನೋಡಿದರೆ ನೀವು ನಗುತ್ತೀರಿ. ಪುಸ್ತಕದಲ್ಲಿ ಬಂದ ಸದ್ದನ್ನು ಆಕೆ ಮರದ ಸೌಟಿನಿಂದ ಮೇಜಿನ ಮೇಲೆ ಬಡಿದು ತೋರಿಸುವರು. ನಾನು ಅದನ್ನು ಮೊದಲು ಕನ್ನಡದಲ್ಲಿ ದಬದಬ, ಪಟಪಟ, ಗಳಗಳ ಎಂದು ಗೀಚಿಕೊಂಡು, ಆಮೇಲೆ ಇಂಗ್ಲಿಷ್ ಹುಡುಕುವೆ. ನನ್ನ ಮಾತೆಲ್ಲ ಸ್ಲೇಟಿನ ಮೇಲೆ.

ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡೆವು. ಹಿಮ ಮೆತ್ತಿದ ಮರದ ಪಾದರಕ್ಷೆ ತೊಟ್ಟು ತಾಯಿಯೊಬ್ಬಳು ಕಲ್ಲು ಮೆಟ್ಟಿಲಿಳಿದು ಬರುವ ಸದ್ದು. ನಾನು ಮಠದ ಸ್ವಾಮಿಗಳ ಹಾವುಗೆಯನ್ನು ನೆನೆದು ಬರೆದೆ. ಆಕೆ ಹೊಡೆದುಹಾಕಿದರು. ಹಿಮ ನಾನು ಕಂಡವನೇ? ಕೊನೆಗೆ ಸೌಟಿಗೆ ರಾಗಿಮುದ್ದೆ ಮೆತ್ತಿ ಬಡಿದರು. ಅಡಿಗೆಯ ತಿಮ್ಮಕ್ಕ ಹಣೆ ಚಚ್ಚಿಕೊಂಡಳು. “ಉಣ್ಣೋ ಅನ್ನವ ಹಿಂಗಾ ಮಾಡಾದು? ನೀವಾದ್ರೂ ಹೇಳಬಾರ್ದಾ ಮೇಷ್ಟ್ರೇ!”

ಮೂರು ಶನಿವಾರ ಹೀಗೇ ಕಳೆಯಿತು. ನಾಲ್ಕನೆಯ ಶನಿವಾರ, ಸುಮಾರು ನಾಲ್ಕು ಗಂಟೆಯ ಬಿಸಿಲಿನಲ್ಲಿ, ನಾನು ಕಾಗದದ ಮುಂದೆ ಸುಮ್ಮನೆ ಕೂತಿದ್ದೆ. ಆಕೆ ಹೆಣಿಗೆ ಹಾಕುತ್ತಿದ್ದರು. ಜಗಲಿಯ ಕಡೆಯಿಂದ ದಪ್ ಎಂದಿತು. ಮತ್ತೆ ದಪ್. ಮೆತ್ತಗೆ, ಒದ್ದೆಯಾಗಿ. ಯಾರೋ ಇಳಿಯುತ್ತಿದ್ದರು. ನಡುವೆ ಮೆತ್ತಿದ್ದು ಏನೋ ಉದುರಿದಂತಾಗಿ, ಆಮೇಲಿನ ಹೆಜ್ಜೆಗಳು ಟಕ್ ಟಕ್ ಎಂದು ಕಲ್ಲಿಗೆ ತಾಗಿದವು. ಅರಿವಿಲ್ಲದೆ ಎಣಿಸಿದೆ. ಒಂಬತ್ತು. ಆ ಬಂಗಲೆಯ ಜಗಲಿಗಿದ್ದದ್ದು ಎರಡೇ ಮೆಟ್ಟಿಲು.

ತಲೆಯೆತ್ತಿದೆ. ಕಿವಿ ಕೇಳದ ಆ ಮುದುಕಿ ಎದ್ದುನಿಂತು ಬಾಗಿಲನ್ನೇ ನೋಡುತ್ತಿದ್ದರು. ಹೆಣಿಗೆ ಕೆಳಗೆ ಬಿದ್ದಿತ್ತು. “ಮಮ್ಮಾ” ಎಂದರು. ಅದಕ್ಕೆ ಅನುವಾದ ಬೇಕಿರಲಿಲ್ಲ.

ನಾನು ಓಡಿಹೋಗಿ ನೋಡಿದೆ. ಜಗಲಿಯಲ್ಲಿ ತಿಮ್ಮಕ್ಕ ಅಕ್ಕಿ ಆರಿಸುತ್ತಿದ್ದಳು. “ಯಾರೂ ಬಂದಿಲ್ಲ ಕಣ್ರೀ. ಆಗ್ಲಿಂದ ನಾನಿಲ್ಲೇ ಕೂತಿದ್ನಲ್ಲ. ಯಾಕ್ ಹಿಂಗೆ ಬೆವ್ತಿದೀರಾ?” ಎಂದಳು.

ಒಳಗೆ ಬಂದೆ. “ನಿಮಗೂ ಕೇಳಿಸಿತೇ? ಎಷ್ಟು?” ಎಂದರು. ನಾನು ಒಂಬತ್ತು ಬೆರಳು ತೋರಿಸಿದೆ. ಅವರು ಕೂತು ಮಗುವಿನಂತೆ ಅತ್ತರು. ಪುಸ್ತಕದಲ್ಲಿ ಮೆಟ್ಟಿಲುಗಳ ಲೆಕ್ಕವೇ ಇರಲಿಲ್ಲ. ಒಂಬತ್ತು ಮೆಟ್ಟಿಲಿದ್ದದ್ದು ತಮ್ಮ ತವರುಮನೆಯಲ್ಲಿ ಎಂದರು. ಆ ಭಾಗವನ್ನು ನಾನು ಒಂದೇ ಉಸುರಿಗೆ ಬರೆದುಕೊಟ್ಟೆ. ಅವರು ಒಂದು ಪದವನ್ನೂ ಹೊಡೆಯಲಿಲ್ಲ.

ಅದು ಏನೆಂದು ನನಗೆ ಇಂದಿಗೂ ಬಗೆಹರಿದಿಲ್ಲ. ಹೊಟ್ಟೆಕಿಚ್ಚಾಯಿತೆಂದು ಮಾತ್ರ ಒಪ್ಪಿಕೊಳ್ಳುತ್ತೇನೆ. ಆ ತಾಯಿ ಸಮುದ್ರ ದಾಟಿ ಬಂದಳು. ನನ್ನಮ್ಮನಿಗೆ ಯಗಟಿಯಿಂದ ಬೀರೂರಿಗೆ ಬರಿಯ ಅರ್ಧ ದಿನದ ಗಾಡಿ ದಾರಿ. ಎಷ್ಟೋ ವರ್ಷ ಬೆಳಗಿನ ಜಾವ ಎದ್ದು ಕೂತು ಕಾದೆ. ಕಡೆಗೋಲಿನ ಸದ್ದು ಬರಲಿಲ್ಲ.

ಈಗ ನನಗೂ ಕಿವಿ ಮಂದವಾಗುತ್ತಿದೆ. ಮನೆಯವರು ಡಾಕ್ಟರ ಹತ್ತಿರ ಹೋಗೋಣವೆಂದು ಗಂಟುಬಿದ್ದಿದ್ದಾರೆ. ನಾನು ಒಲ್ಲೆ ಎಂದಿದ್ದೇನೆ. ಆಕೆಗೂ ಕೇಳಿಸಿದ್ದು ಕಿವಿ ಪೂರ್ತಿ ಹೋದ ಮೇಲಲ್ಲವೇ?