ಇಲ್ಲದ ಬ್ರೇಕಿನ ಮೇಲೆ ಕಾಲು

ಮಾರಿಸ್‌ಟೌನಿಗೆ ಹೋಗಬೇಕಿದ್ದ ದಿನ ಆಂಟಿ ತಮ್ಮ ಮಗಳ ಕಪ್ಪು ಬ್ಲೇಜರಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ, ಕೆಂಡಲ್ ಪಾರ್ಕ್ ಎಂಬ ಊರಿನ ಅವರ ಮನೆಯಲ್ಲಿ ನಾನಿದ್ದೆ. ರಕ್ತಸಂಬಂಧವೇನಿಲ್ಲ, ಕನ್ನಡ ಕೂಟದ ಊಟದ ಸಾಲಿನಲ್ಲಿ ಆದ ಪರಿಚಯ.

"ಇಮಿಗ್ರೇಶನ್ ಅಂದ್ಮೇಲೆ ಇಮಿಗ್ರೇಶನ್ನೇ ಕಣೇ," ಅಂದರು. "ಕೇಳಿದ್ದಕ್ಕಷ್ಟೇ ಆನ್ಸರ್ ಮಾಡು. ಸ್ಮೈಲ್ ಮಾಡು. ಕಣ್ಣಲ್ಲಿ ನೀರು ಗೀರು ತರಬೇಡ."

ನಾವೆಲ್ಲ ಈ ದೇಶಕ್ಕೆ ಬಂದದ್ದು ಹೀಗೆಯೇ. ವೀಸಾ ಕಿಟಕಿಯ ಮುಂದೆ ನಮಗೆ ಕಾಯಿಲೆ ಇರುವುದಿಲ್ಲ, ಚಿಂತೆ ಇರುವುದಿಲ್ಲ. ಎಂ.ಎಸ್ಸಿ. ಓದಿದ ನನಗೂ ಆ ಉಪದೇಶದಲ್ಲಿ ತಪ್ಪೇನೂ ಕಾಣಲಿಲ್ಲ. ಬ್ಲೇಜರ್ ತೊಟ್ಟು ಹೊರಟೆ.

ಹೋಗುತ್ತಿದ್ದದ್ದು ಮಾತ್ರ ಕಿಟಕಿಯ ಮುಂದೆ ನಿಲ್ಲಲಿಕ್ಕಲ್ಲ. ನನ್ನ ಗಂಡ ಅಮೆರಿಕದ ಪ್ರಜೆ. ನನ್ನ ಗ್ರೀನ್ ಕಾರ್ಡ್ ಅರ್ಜಿ ಅವನ ಸಹಿಯ ಮೇಲೆ ನಿಂತಿತ್ತು, ಅದನ್ನು ಅವನು ದಿನವೂ ನೆನಪಿಸುತ್ತಿದ್ದ. ಹಿಂಸೆ ತಾಳದೆ ಹೊರಬಂದ ಹೆಂಡತಿ ತಾನೇ ಅರ್ಜಿ ಹಾಕಬಹುದು, ಮನಶ್ಶಾಸ್ತ್ರಜ್ಞರ ವರದಿ ಜೊತೆಗಿದ್ದರೆ ಬಲ ಬರುತ್ತದೆ ಎಂದು ವಕೀಲೆ ಹೇಳಿದ್ದರು. ಅವನು ಮೈಮೇಲೆ ಗಾಯ ಉಳಿಸಿರಲಿಲ್ಲ. ಆ ವರದಿ ಬಿಟ್ಟರೆ ನನ್ನ ಬಳಿ ಹೆಚ್ಚಿನ ಸಾಕ್ಷ್ಯವಿರಲಿಲ್ಲ.

ಅದಕ್ಕಾಗಿಯೇ ಮಾರಿಸ್‌ಟೌನಿಗೆ ಹೋದದ್ದು. ಮನಶ್ಶಾಸ್ತ್ರಜ್ಞೆ ನಡುವಯಸ್ಸಿನ ಅಮೆರಿಕನ್ ಹೆಂಗಸು. ನಿದ್ದೆ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಊಟ? ಚೆನ್ನಾಗಿದೆ. ಹೆದರಿಕೆ? ಇಲ್ಲ, ನಾನು ಧೈರ್ಯವಂತೆ. ಒಂದೊಂದಕ್ಕೂ ನಕ್ಕೆ. ಅವರು ಪೆನ್ನು ಕೆಳಗಿಟ್ಟು, ನೀವು ಹೇಳಿದ್ದನ್ನೇ ಬರೆದರೆ ನಿಮಗೆ ಏನೂ ಆಗಿಲ್ಲ ಎಂದು ಬರೆಯಬೇಕಾಗುತ್ತದೆ, ಸ್ವಲ್ಪ ಹೊತ್ತು ವಿರಾಮ ತೆಗೆದುಕೊಳ್ಳಿ ಎಂದರು.

ಹೊರಗೆ ಕಾಯುತ್ತಿದ್ದ ಆಂಟಿಗೆ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಅಯ್ಯೋ, ಇದು ಉಲ್ಟಾ ಇಂಟರ್‌ವ್ಯೂನಾ? ಹಾಗಾದ್ರೆ ಒಳಗೆ ಹೋಗಿ ಸ್ವಲ್ಪ ಅತ್ತುಬಿಡಮ್ಮ."

"ಅಳಲ್ಲ ಆಂಟಿ."

"ಸುಮ್ನೆ ಒಂದೆರಡು ಹನಿ."

"ನಗೋ ನಾಟಕ ಆಯ್ತಲ್ಲ. ಇನ್ನು ಅಳೋ ನಾಟಕನೂ ಆಡ್ಬೇಕಾ? ಅವನ ಮುಂದೇನೇ ಅಳಲಿಲ್ಲ ನಾನು."

ಬ್ಲೇಜರ್ ಬಿಚ್ಚಿ ಅವರ ಮಡಿಲಲ್ಲಿಟ್ಟು ಒಳಗೆ ಹೋದೆ.

ಆಕೆ ಪ್ರಶ್ನೆ ಬದಲಿಸಿದರು. ಇಷ್ಟು ಹೊತ್ತೂ ನಿಮ್ಮ ಬಲಗಾಲು ನೆಲವನ್ನು ಒತ್ತುತ್ತಿದೆ, ಅದು ಏನು ಮಾಡುತ್ತಿದೆ ಎಂದು ಕೇಳಿದರು. ಬಗ್ಗಿ ನೋಡಿದೆ. ಮೀನಖಂಡ ಕಲ್ಲಿನಂತೆ ಬಿಗಿದಿತ್ತು. ಕಾಲು ಬ್ರೇಕ್ ಹಾಕುತ್ತಿತ್ತು.

ಆಗ ಹೇಳಿದೆ. ಹ್ಯಾರಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೋಡೆಗಳು ತೆಳು, ಪಕ್ಕದವರಿಗೆ ಕೇಳಿಸುತ್ತದೆ. ಅದಕ್ಕೆ ಅವನು ಜಗಳಕ್ಕೆ ಕಾರು ಆರಿಸಿಕೊಂಡಿದ್ದ. ಬಾಗಿಲು ಲಾಕ್ ಮಾಡಿ ರೂಟ್ ಒನ್ ಹೆದ್ದಾರಿಯಲ್ಲಿ ವೇಗ ಏರಿಸುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತ ಟ್ರಕ್ಕಿನ ಕೆಂಪು ದೀಪ ಗಾಜಿನ ತುಂಬ ಬೆಳೆಯುತ್ತ ಬರುವಾಗ ಸಮಾಧಾನದ ದನಿಯಲ್ಲಿ ಕೇಳುತ್ತಿದ್ದ: "ಪೇಪರ್ಸ್ ಬೇಕಾ, ಬೇಡ್ವಾ?" ಬೇಕು ಎಂದ ಮೇಲೆಯೇ ಬ್ರೇಕು. ನನ್ನ ಕಡೆ ಬ್ರೇಕಿರಲಿಲ್ಲ, ಆದರೂ ನನ್ನ ಕಾಲು ಒತ್ತುತ್ತಿತ್ತು. ಇವತ್ತಿಗೂ ಸ್ನಾನ ಮಾಡುವಾಗ, ಅನ್ನಕ್ಕೆ ಇಡುವಾಗ ಆ ಕೆಂಪು ದೀಪ ಬೆಳೆಯುತ್ತದೆ. ಪ್ರತಿ ಸಲವೂ ಈ ಸಲ ನಿಲ್ಲುವುದಿಲ್ಲ ಅನಿಸುತ್ತದೆ.

ಹೊರಬಂದದ್ದು ಹೇಗೆ ಎಂದು ಕೇಳಿದರು. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ, ಬಂಕಿನವನೇ ಬಂದು ಹಾಕಬೇಕು. ಆ ದಿನ ನನ್ನ ಗಂಡ ಗಾಜಿಳಿಸಿ ಕಾರ್ಡ್ ಕೊಟ್ಟ. ಹೊರಗಿನವರ ಎದುರು ಅವನು ಬಹಳ ಮರ್ಯಾದಸ್ಥ. ಬಂಕಿನವನಿಗೆ ಹ್ಯಾವ್ ಎ ಗುಡ್ ಡೇ ಹೇಳುತ್ತಿದ್ದಾಗ ನನ್ನ ಬಾಗಿಲಿನ ಲಾಕ್ ಎಳೆದು ಇಳಿದುಬಿಟ್ಟೆ. ಚಪ್ಪಲಿ ಕಾರಿನಲ್ಲೇ ಉಳಿಯಿತು. ಬಂಕಿನ ಅಂಗಡಿಯೊಳಗೆ ನಿಂತು ಆಂಟಿಗೆ ಫೋನ್ ಮಾಡಿದೆ. ಜನ ಇದ್ದರು, ಅವನು ಒಳಗೆ ಬರಲಿಲ್ಲ.

ಕೊನೆಗೆ ಆಕೆ ಇನ್ನೇನಾದರೂ ಸೇರಿಸಬೇಕೇ ಎಂದರು. ನನ್ನ ಕಾಲು ಹೆದರಿದೆ ಎಂದು ಬರೆಯಿರಿ, ನಿದ್ದೆ ಇಲ್ಲ ಎಂದೂ ಬರೆಯಿರಿ, ಅದು ನಿಜ, ಆದರೆ ಆ ಕಾರಿನಿಂದ ಯಾರೂ ನನ್ನನ್ನು ಇಳಿಸಲಿಲ್ಲ, ನಾನೇ ಇಳಿದೆ, ಅದನ್ನೂ ಬರೆಯಬೇಕು ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ವಾಪಸು ಬರುವಾಗ ಆಂಟಿ ಹಿಂದಿನ ಬಾಗಿಲು ತೆರೆದರು. ಅವರ ಕಾರಿನಲ್ಲಿ ನಾನು ಯಾವಾಗಲೂ ಹಿಂದೆಯೇ ಕೂರುತ್ತಿದ್ದೆ. ಅದನ್ನು ಮುಚ್ಚಿ ಮುಂದೆ ಕೂತೆ. ರಸ್ತೆಯಲ್ಲಿ ಕೆಂಪು ದೀಪ ಕಂಡಾಗಲೆಲ್ಲ ಕಾಲು ನೆಲ ಒತ್ತಿತು. ಆಂಟಿ ಓರೆಗಣ್ಣಿನಿಂದ ನೋಡಿದರು.

"ಇಬ್ಬರೂ ಸೇರಿ ಬ್ರೇಕ್ ಹಾಕಿದ್ರೆ ಕಾರು ಮುಂದೆ ಹೋಗೋದು ಹೇಗೆ?"

"ಹೋಗುತ್ತೆ ಆಂಟಿ, ಓಡಿಸಿ."

ಕ್ಷಮಿಸಿ ಅನ್ನಲಿಲ್ಲ, ಕಾಲನ್ನು ಮುಚ್ಚಿಡಲೂ ಇಲ್ಲ. ವರದಿ ಅರ್ಜಿಯ ಜೊತೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಈಗ ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದ್ದೀನಿ ಅನ್ನುವುದನ್ನು ನಾನು ಬಿಟ್ಟಿದ್ದೇನೆ.