ನನ್ನ ಗೋಡೆಯಲ್ಲಿ ತಮ್ಮನ ಕರೆಂಟು

ಸಂತೆಯಿಂದ ತಂದ ಬದನೆಕಾಯಿಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗಿ ನೋಡುವವನು ನಾನು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಗಂಗಾವತಿಯ ಹಾರ್ಡ್‌ವೇರ್ ಅಂಗಡಿಯವರು ಗೋಡೆಯೊಳಗಿನ ತಂತಿ ಹುಡುಕುವ ಯಂತ್ರ ಕೈಗಿಟ್ಟಾಗ ಮೊದಲು ಅವರದೇ ಗೋಡೆಗೆ ಹಿಡಿದು ನೋಡಿದೆ. ಟಿವಿ ರಿಮೋಟಿಗಿಂತ ತುಸು ದೊಡ್ಡದು. ಬರೀ ಕಬ್ಬಿಣವಿದ್ದರೆ ಹಳದಿ ದೀಪ, ತಂತಿಯಲ್ಲಿ ಕರೆಂಟಿದ್ದರೆ ಕೆಂಪು ದೀಪ ಹತ್ತಿ ಕಿರ್ರೆನ್ನುತ್ತದೆ ಎಂದರು. ಪೂರ್ತಿ ನಂಬಿಕೆ ಬರಲಿಲ್ಲ, ಆದರೂ ಕೊಂಡೆ. ಹಿಂದೊಮ್ಮೆ ಡ್ರಿಲ್ ಹೊಡೆಯುವಾಗ ತಂತಿ ತುಂಡಾಗಿ ಮನೆಯೆಲ್ಲ ಕತ್ತಲಾಗಿತ್ತು.

ಕುಷ್ಟಗಿಯಲ್ಲಿ ನಮ್ಮದು ಪಾಲಾದ ಮನೆ. ನಡುವೆ ನಾಲ್ಕಿಂಚಿನ ಗೋಡೆ. ಆಚೆ ತಮ್ಮ, ಈಚೆ ನಾನು. ಪಾಲಾದಾಗಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅವ್ವ ನನ್ನ ಕಡೆ ಇದ್ದಾಳೆ. ಅವಳ ಮಂಚ ಆ ಗೋಡೆಗೇ ಹೊಂದಿಕೊಂಡಿದೆ. ಅಲ್ಲೊಂದು ಫ್ಯಾನು ಕೂರಿಸಲು ಯಂತ್ರ ಹಿಡಿದೆ.

ಗೋಡೆಯ ಮೇಲೆ ಎಲ್ಲಿ ಹಿಡಿದರೂ ಕಿರ್ರೆಂದಿತು. ಮೋಸ ಹೋದೆ ಎಂದು ಅಂಗಡಿಗೆ ಫೋನ್ ಹಚ್ಚಿದೆ. ಗೋಡೆ ತೇವವಿದ್ದರೆ ಹಾಗೆ ಸುಳ್ಳು ಹೇಳುವುದುಂಟು, ಇನ್ನೊಂದು ಅಂಗೈಯನ್ನು ಪಕ್ಕದಲ್ಲೇ ಗೋಡೆಗೆ ಒತ್ತಿ ಹಿಡಿಯಿರಿ ಎಂದರು. ಒತ್ತಿದೆ. ಗದ್ದಲ ಅಡಗಿ ಒಂದೇ ಗೆರೆ ಉಳಿಯಿತು. ಅದು ಮೇಲಿನಿಂದ ಓರೆಯಾಗಿ ಇಳಿದು ಅವ್ವನ ಟ್ರಂಕಿನ ಹಿಂದೆ ಹೋಗುತ್ತಿತ್ತು. ಆ ಗೋಡೆಯಲ್ಲಿ ನಾನು ತಂತಿಯನ್ನೇ ಎಳೆಸಿಲ್ಲ.

ತಮ್ಮ ನನ್ನ ಕರೆಂಟು ಕದಿಯುತ್ತಿದ್ದಾನೆ ಎಂದುಕೊಂಡು ಮೇನ್ ಸ್ವಿಚ್ ಇಳಿಸಿದೆ. ಮನೆಯ ಫ್ಯಾನುಗಳೆಲ್ಲ ನಿಂತವು. ಯಂತ್ರ ಮಾತ್ರ ಕೆಂಪಗೆ ಕಿರ್ರೆನ್ನುತ್ತಲೇ ಇತ್ತು. ಅಂದರೆ ಕರೆಂಟು ಅವನದು! ಕದ್ದರೆ ಅರ್ಥವಾಗುತ್ತದೆ, ತನ್ನ ಕರೆಂಟನ್ನು ನನ್ನ ಗೋಡೆಗೆ ಬಿಟ್ಟವನ ಹೂಟ ಏನು? ನಾಳೆ ಗೋಡೆಯೇ ತನ್ನದೆನ್ನುವುದಕ್ಕೆ ಇರಬೇಕು. ಮೈಯೆಲ್ಲ ಉರಿಯಿತು. ಓಣಿಯ ಹಿರಿಯರನ್ನು ಕರೆಸಿ ತೋರಿಸಿಯೇ ಬಿಡುವುದೆಂದು ನಿಶ್ಚಯಿಸಿದೆ.

ಟ್ರಂಕು ಸರಿಸಲು ಹೋದರೆ ಅವ್ವ ಬೇಡವೆಂದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇವಳೂ ಅವನ ಜೊತೆ ಸೇರಿದ್ದಾಳೆ ಅನಿಸಿತು. ಸರಿಸಿದೆ. ಟ್ರಂಕಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ, ಮಲಗಿದವರ ಕೈಗೆಟಕುವಂತೆ, ಒಂದು ಬಿಳಿ ಗುಂಡಿ ಇತ್ತು. ಒತ್ತಿದೆ. ಗೋಡೆಯಾಚೆ ಗಂಟೆ ಹೊಡೆಯಿತು.

ತಮ್ಮ ಬರಿಗಾಲಲ್ಲಿ ಓಡಿಬಂದ. ಬಲಗೈಯೆಲ್ಲ ಸಾರು. ನಾನು ಮನೆಯಲ್ಲಿರುವಾಗ ಅವನು ನನ್ನ ಹೊಸ್ತಿಲು ದಾಟಿದ್ದು ಪಾಲಾದ ಮೇಲೆ ಅದೇ ಮೊದಲು.

“ಅವ್ವಾ, ಏನಾತು?”

ನನ್ನ ಕಡೆ ನೋಡಲೂ ಇಲ್ಲ. ಎಡಗೈಯಿಂದ ಅವಳ ಹಣೆ ಮುಟ್ಟಿದ. ಏನೂ ಆಗಿಲ್ಲವೆಂದು ತಿಳಿದ ಮೇಲೆ ಗೋಡೆಗೆ ಒರಗಿ ಸುಧಾರಿಸಿಕೊಂಡು ಹೊರಟುಹೋದ. ಅವ್ವನನ್ನು ಬಿಟ್ಟು ನಾವು ಯಲಬುರ್ಗಾಕ್ಕೆ ಮದುವೆಗೆ ಹೋದಾಗ ಅವಳೇ ತಮ್ಮನಿಗೆ ಹೇಳಿ ಆ ಗಂಟೆ ಹಾಕಿಸಿಕೊಂಡಿದ್ದಳಂತೆ.

ಪಕ್ಕದ ಕೋಣೆಯಲ್ಲೇ ನಾನಿರುವಾಗ ಗಂಟೆ ಅವನಿಗೇಕೆ ಎಂದು ಕೇಳಿದೆ.

“ನಿನ್ನ ಕರದ್ರ ಮೊದ್ಲ ಯಾಕ ಅಂತ ಕೇಳ್ತಿ, ಆಮ್ಯಾಲ ಬರ್ತಿ,” ಅಂದಳು ಅವ್ವ. “ಅಂವ ಮೊದ್ಲ ಬರ್ತಾನ.”

ಯಾಕೆ ಹಾಗನ್ನುತ್ತೀ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.