ಫಾದರ್ ಕೆಮ್ಮು

ನಾನು ಅಣಕಿಸದ ಮನುಷ್ಯ ನಮ್ಮ ಏರಿಯಾದಲ್ಲಿ ಇಲ್ಲ. ಸುದ್ದಗುಂಟೆಪಾಳ್ಯದ ನಮ್ಮ ಮನೆ ಓನರ್ "ಮೋಟರ್ ಆಫ್ ಮಾಡ್ರಪ್ಪಾ" ಎಂದು ಕೂಗುವುದು, ಚರ್ಚಿನಲ್ಲಿ ಹಾಡುವ ಆಂಟಿ ಶ್ರುತಿ ಹುಡುಕುವುದು, ಹುಡುಗಿಯರು ಮಾತಾಡಿಸಿದರೆ ನನ್ನದೇ ಗಂಟಲು ಕೀರಲಾಗುವುದು, ಯಾವುದನ್ನೂ ಬಿಟ್ಟಿಲ್ಲ.

ಆದರೆ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ನಮ್ಮ ಹಳೆಯ ಫಾದರ್‌ರನ್ನು ಅಣಕಿಸಿದಾಗ. ಉತ್ತರ ಕರ್ನಾಟಕದವರು. ಪ್ರಸಂಗಕ್ಕೆ ಮೊದಲು ಮೈಕನ್ನು ಬೆರಳಿನಿಂದ ತಟ್ಟಿ, ಒಮ್ಮೆ ಕೆಮ್ಮಿ, "ಹಿಂದ ಕುಂತವ್ರಿಗೆ ಕೇಳಸ್ತೈತೇನ್ರಿ?" ಎನ್ನುತ್ತಿದ್ದರು. ಕೊನೆಯ ಬೆಂಚಿನ ಮಕ್ಕಳು "ಕೇಳ್ಸತ್ತೆ ಫಾದರ್" ಎನ್ನುವವರೆಗೆ ಪ್ರಸಂಗ ಶುರುವಾಗುತ್ತಿರಲಿಲ್ಲ.

ಒಂದು ಭಾನುವಾರ ಗೆಳೆಯರ ಮುಂದೆ ಅವರನ್ನು ಅಣಕಿಸಿ ತಿರುಗಿದರೆ, ಅವರೇ ನಿಂತಿದ್ದಾರೆ.

"ಕೆಮ್ಮು ತಪ್ಪೈತಿ," ಎಂದರು. "ಅದು ಎದಿಯಿಂದ ಬರಬೇಕು. ನೀ ಮೂಗಿನಿಂದ ತಗದಿ."

ಆಮೇಲೆ ಪೂಜೆ ಮುಗಿದಾಗಲೆಲ್ಲ ನನಗೆ ಕೆಮ್ಮಿನ ಪರೀಕ್ಷೆ. ಪಾಸ್ ಮಾಡಲೇ ಇಲ್ಲ.

ಕಳೆದ ವರ್ಷ ಚರ್ಚಿನ ಗೇಟಿನ ಪಕ್ಕ ಮಕ್ಕಳ ಸುರಕ್ಷತೆಯ ಬೋರ್ಡ್ ಬಂತು. ನಗುವ ಮಗುವಿನ ಚಿತ್ರ, ದೂರು ಹೇಳಲು ಒಂದು ಫೋನ್ ನಂಬರ್. ಆ ಭಾನುವಾರವೂ ಫಾದರ್ ಮೈಕ್ ತಟ್ಟಿದರು, ಕೆಮ್ಮಿದರು, ಮಕ್ಕಳ ಉತ್ತರಕ್ಕೆ ಕಾದರು.

"ಆ ನಂಬರಿಗೆ ನಾನ ಫೋನ್ ಹಚ್ಚಿದ್ದೆ," ಎಂದರು. "ಎತ್ತಿದವ್ರು ಒಬ್ಬ ಫಾದರ್. ದೂರು ಕೇಳೋ ಸಮಿತಿಯೊಳಗೂ ನಾವ ಫಾದರ್‌ಗಳು. ನಮ್ಮ ಮ್ಯಾಲೆ ದೂರು ಇದ್ದ ಕೂಸು ನಮ್ಮ ಮುಂದ ಹೇಳತೈತೇನ್ರಿ? ಹೊರಗಿನವ್ರನ್ನ ಕೂಡಸ್ರಿ ಅಂತ ಬಿಷಪ್ಪರನ್ನ ಕೇಳಿದೆ. ಉತ್ತರ ಬರಲಿಲ್ಲ. ಅದಕ್ಕ ನಿಮ್ಮ ಮುಂದ ಹೇಳಾಕತ್ತೀನಿ."

ಅದೇ ಮಾತನ್ನು ಪತ್ರಿಕೆಯವರಿಗೂ ಹೇಳಿದರು. ಸ್ವಲ್ಪ ದಿನಕ್ಕೇ ದೂರದ ಊರಿಗೆ ವರ್ಗ. ಅಲ್ಲಿ ಅವರಿಗೆ ಪ್ರಸಂಗ ಮಾಡಲು ಚರ್ಚೂ ಇಲ್ಲ. ನಮ್ಮಲ್ಲಿ ಒಬ್ಬರ ಹೆಸರೂ ನೆನಪಿಟ್ಟುಕೊಳ್ಳದ ಹಿಂದಿನ ಫಾದರ್‌ಗೂ ಬೀಳ್ಕೊಡುವಾಗ ಶಾಲು ಹೊದಿಸಿ ಬಿರಿಯಾನಿ ಹಾಕಿಸಿದ ಜನ ನಾವು. ಇವರಿಗೆ ಒಂದು ಹಾರವೂ ಇಲ್ಲ. ಹೋದದ್ದೇ ನಮಗೆ ಗೊತ್ತಾಗಲಿಲ್ಲ.

ಈ ವರ್ಷ ಚರ್ಚಿನ ಹಬ್ಬಕ್ಕೆ ನನ್ನ ಮಿಮಿಕ್ರಿ ಇತ್ತು. ಚರ್ಚಿನ ಕಾರ್ಯದರ್ಶಿ ಅಂಕಲ್ ಪಕ್ಕಕ್ಕೆ ಕರೆದರು.

"ಯಾರನ್ನ ಬೇಕಾದ್ರೂ ಮಾಡು ಮಗಾ, ನನ್ನನ್ನೂ ಮಾಡು. ಅವ್ರನ್ನ ಮಾತ್ರ ಬೇಡ. ಮಾಡಿದ್ರೆ ಇನ್ಮೇಲೆ ನಿಂಗೆ ಸ್ಟೇಜ್ ಇಲ್ಲ."

"ಆಯ್ತು ಅಂಕಲ್," ಎಂದೆ, ಅವರದೇ ದನಿಯಲ್ಲಿ. ಅವರು ನಗಲಿಲ್ಲ.

ಸ್ಟೇಜ್ ಮೇಲೆ ಅಂಕಲ್‌ರನ್ನು ಮಾಡಿದೆ, ಹೊಸ ಫಾದರ್ ಕನ್ನಡಕ ಹುಡುಕುವುದನ್ನು ಮಾಡಿದೆ, ನನ್ನನ್ನೂ ಮಾಡಿದೆ. ಜನ ನಕ್ಕರು. ಅಲ್ಲಿಗೆ ಇಳಿಯಬೇಕಿತ್ತು. ಆದರೆ ಆ ದನಿ ಅಲ್ಲಿ ಕೇಳಿ ಬಹಳ ದಿನವಾಗಿತ್ತು. ನಗಿಸುವುದಕ್ಕಲ್ಲ, ನನಗೇ ಒಮ್ಮೆ ಕೇಳಬೇಕಿತ್ತು.

ಮೈಕ್ ತಟ್ಟಿದೆ. ಕೆಮ್ಮಿದೆ. "ಹಿಂದ ಕುಂತವ್ರಿಗೆ ಕೇಳಸ್ತೈತೇನ್ರಿ?"

"ಕೇಳ್ಸತ್ತೆ ಫಾದರ್," ಎಂದರು ಹಿಂದಿನ ಸಾಲಿನ ಮಕ್ಕಳು. ಈ ಸಲ ಕೆಲವು ಅಮ್ಮಂದಿರ ದನಿಯೂ ಸೇರಿತ್ತು. ಅಂಕಲ್ ಬಂದು ಮೈಕಿನ ವಯರ್ ಕಿತ್ತರು.

ಮರುದಿನ ಫಾದರ್‌ಗೆ ಫೋನ್ ಮಾಡಿ, ಇನ್ನು ನನಗೆ ಸ್ಟೇಜ್ ಇಲ್ಲ ಎಂದೆ.

"ನನಗೂ ಇಲ್ಲಲೇ," ಎಂದು ನಕ್ಕರು. ಆಮೇಲೆ ಕೇಳಿದರು: "ಗೇಟಿನ ಬಾಜೂ ಬೋರ್ಡಿನ ನಂಬರ್ ಬದಲಾತೇನು?"

"ಇಲ್ಲ ಫಾದರ್. ಅದೇ ಇದೆ."

ಆ ಕಡೆಯಿಂದ ಕೆಮ್ಮು ಕೇಳಿಸಿತು, ಎದೆಯಿಂದ ಬಂದದ್ದು. ಇನ್ನು ಪ್ರಸಂಗ ಶುರುವಾದೀತು ಎಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.